ಮೊಬೈಲಿನಲ್ಲಿ ಸ್ಥಳದ ನಿಖರತೆ: ಬ್ಯಾಟರಿಯನ್ನು ಲೆಕ್ಕವಿಟ್ಟು ಬಳಸುವ ಬಗೆ

ಏಪ್ರಿಲ್ ತಿಂಗಳಲ್ಲಿ ಬಾವಿಯ ನೀರು ತಳ ಹಿಡಿದಿರುವಾಗ ಯಾವ ರೈತನೂ ಪಂಪ್‌ಸೆಟ್ಟನ್ನು ಬೆಳಗಿನಿಂದ ಸಂಜೆಯವರೆಗೆ ಬಿಡದೆ ಓಡಿಸುವುದಿಲ್ಲ. ಅಡಿಕೆಗೆ ಎಷ್ಟು, ತೆಂಗಿಗೆ ಎಷ್ಟು, ಮಲ್ಲಿಗೆ ಗಿಡಕ್ಕೆ ಎಷ್ಟು ಎಂದು ಲೆಕ್ಕ ಹಾಕಿಯೇ ನೀರು ಹಾಯಿಸುತ್ತಾನೆ. ಆದರೆ ಅದೇ ರೈತನ ಕಿಸೆಯಲ್ಲಿರುವ ಮೊಬೈಲಿನಲ್ಲಿ ಸ್ಥಳ ಗುರುತಿಸುವ ಆ್ಯಪ್‌ಗಳು ಹಗಲಿಡೀ ಬ್ಯಾಟರಿಯನ್ನು ಹೀರುತ್ತಿರುತ್ತವೆ. ಬೆಳಿಗ್ಗೆ ತುಂಬಿದ್ದ ಚಾರ್ಜು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಕರೆಂಟೂ ಇಲ್ಲದ ದಿನ, ಘಟ್ಟದ ಬುಡದ ತೋಟದಲ್ಲಿ ಒಬ್ಬರೇ ಇರುವಾಗ ಹೀಗಾದರೆ ಮನೆಗೆ ಒಂದು ಕರೆ ಮಾಡಲೂ ಆಗುವುದಿಲ್ಲ.

ಇದಕ್ಕೆ ಹೆದರಿ ಕೆಲವರು ಫೋನಿನ ಲೊಕೇಶನ್ ಸೌಲಭ್ಯವನ್ನೇ ಪೂರ್ತಿ ಮುಚ್ಚಿಬಿಡುತ್ತಾರೆ. ಅದೂ ಸರಿಯಲ್ಲ. ಹಾಗೆ ಮಾಡಿದಾಗ ಬೆಳೆ ಸಮೀಕ್ಷೆಯಂತಹ ಅಗತ್ಯದ ಕೆಲಸ ಕೆಡುತ್ತದೆ. ಸ್ಥಳದ ನಿಖರತೆ ಮತ್ತು ಬ್ಯಾಟರಿಯ ಬಾಳಿಕೆ ಒಂದೇ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಯಾವ ಕೆಲಸಕ್ಕೆ ಎಷ್ಟು ನಿಖರತೆ ಬೇಕು ಎಂದು ತಿಳಿದು ಅಷ್ಟನ್ನೇ ಕೊಡುವುದು ಜಾಣತನ. ಈ ಲೇಖನದಲ್ಲಿ ಅದರ ವಿವರಗಳನ್ನು ಕೊಡಲಾಗಿದೆ.

ಫೋನಿಗೆ ಸ್ಥಳ ತಿಳಿಯುವ ಬಗೆ

ಫೋನು ತಾನಿರುವ ಸ್ಥಳವನ್ನು ಮುಖ್ಯವಾಗಿ ಮೂರು ವಿಧಗಳಲ್ಲಿ ತಿಳಿದುಕೊಳ್ಳುತ್ತದೆ.

1. ಉಪಗ್ರಹಗಳಿಂದ: ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೀವು ನೋಡಿರಬಹುದು. ಅದರ ಬೆಳಕನ್ನು ಕಂಡ ದೋಣಿಯವರು ತಾವು ಯಾವ ದಿಕ್ಕಿನಲ್ಲಿದ್ದೇವೆ ಎಂದು ಅರಿಯುತ್ತಾರೆ. ಉಪಗ್ರಹಗಳೂ ಆಕಾಶದಲ್ಲಿರುವ ದೀಪಸ್ತಂಭಗಳೇ. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ನಮ್ಮ ದೇಶವೂ ‘ನಾವಿಕ್’ ಎಂಬ ಇಂತಹದೇ ವ್ಯವಸ್ಥೆಯನ್ನು ರೂಪಿಸಿದೆ. ಉಪಗ್ರಹವು ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂಬ ಸಂಕೇತವನ್ನು ಸತತವಾಗಿ ಕಳುಹಿಸುತ್ತದೆ. ಆ ಸಂಕೇತ ತಲುಪಲು ಹಿಡಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹಗಳ ಸಂಕೇತ ಸಿಕ್ಕಿದರೆ ಸ್ಥಳ ಗೊತ್ತಾಗುತ್ತದೆ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಫೋನಿನಲ್ಲಿ ಇದರ ತಪ್ಪು ಸುಮಾರು 5 ಮೀಟರಿನೊಳಗೆ ಇರುತ್ತದೆ. ನಿಖರತೆಯಲ್ಲಿ ಈ ವಿಧಾನವೇ ಮೇಲು, ಚಾರ್ಜಿನ ಖರ್ಚಿನಲ್ಲೂ ಇದೇ ಮುಂದು.

2. ವೈಫೈಯಿಂದ: ಸುತ್ತಮುತ್ತ ಯಾವ ಯಾವ ವೈಫೈ ಯಂತ್ರಗಳ ಸಂಕೇತ ಕೇಳಿಸುತ್ತಿದೆ ಎಂಬುದನ್ನು ನೋಡಿ ಸ್ಥಳವನ್ನು ಊಹಿಸುವ ವಿಧಾನವಿದು. ಪೇಟೆಯಲ್ಲಿ ಹತ್ತಾರು ಮೀಟರುಗಳ ಅಂತರದಲ್ಲಿ ಸ್ಥಳ ಸಿಗುತ್ತದೆ. ಚಾರ್ಜಿನ ಖರ್ಚು ಕಡಿಮೆ. ವೈಫೈ ಇಲ್ಲದ ಗದ್ದೆಯ ಬಯಲಿನಲ್ಲಿ ಇದು ಪ್ರಯೋಜನಕ್ಕೆ ಬಾರದು.

3. ಮೊಬೈಲ್ ಟವರಿನಿಂದ: ಫೋನು ಹೇಗೂ ಟವರಿನ ಸಂಪರ್ಕದಲ್ಲಿ ಇರುವುದರಿಂದ ಇದಕ್ಕೆ ಹೆಚ್ಚಿನ ಚಾರ್ಜು ಬೇಕಾಗಿಲ್ಲ. ಆದರೆ ತಪ್ಪು ಕೆಲವು ನೂರು ಮೀಟರುಗಳಿಂದ ಹಿಡಿದು ಹಲವು ಕಿಲೋಮೀಟರುಗಳವರೆಗೂ ಆಗಬಹುದು. ಟವರುಗಳು ವಿರಳವಾದಷ್ಟೂ ತಪ್ಪು ಹೆಚ್ಚು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು. ಫೋನು ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ. ರೇಡಿಯೊ ಕೇಳಿದಂತೆ ಕೇವಲ ಕೇಳಿಸಿಕೊಳ್ಳುತ್ತದೆ. ನೀವು ಎಲ್ಲಿದ್ದೀರಿ ಎಂಬುದು ಉಪಗ್ರಹಕ್ಕೆ ತಿಳಿಯದು. ಮನೆಯವರಿಗೆ ನಿಮ್ಮ ಸ್ಥಳ ಕಾಣಬೇಕಾದರೆ ಫೋನು ಅದನ್ನು ಮೊಬೈಲ್ ಜಾಲದ ಮೂಲಕ ಕಳುಹಿಸಬೇಕು. ಆದ್ದರಿಂದ ನೆಟ್‌ವರ್ಕ್ ಇಲ್ಲದ ಕಡೆ ಫೋನಿಗೆ ತನ್ನ ಸ್ಥಳ ತಿಳಿದಿದ್ದರೂ ಮನೆಯವರಿಗೆ ತಿಳಿಯುವುದಿಲ್ಲ.

ಚಾರ್ಜು ಎಲ್ಲಿ ಖರ್ಚಾಗುತ್ತದೆ?

ಬಹಳ ದೂರದಿಂದ ಬರುವ ಉಪಗ್ರಹದ ಸಂಕೇತ ಅತ್ಯಂತ ಕ್ಷೀಣವಾದುದು. ಅದನ್ನು ಹಿಡಿಯಲು ಫೋನಿನ ಒಂದು ಭಾಗ ಸದಾ ಎಚ್ಚರವಿರಬೇಕು. ಉಪಗ್ರಹವು ತನ್ನ ಇರುವಿಕೆಯ ವಿವರವನ್ನು ನಿಧಾನವಾಗಿ, ಸೆಕೆಂಡಿಗೆ ಕೇವಲ 50 ಅಂಕೆಗಳ ವೇಗದಲ್ಲಿ ಕಳುಹಿಸುತ್ತದೆ. ಈ ವಿವರವನ್ನು ಪೂರ್ತಿ ಕೇಳಿಸಿಕೊಳ್ಳಲು ಸುಮಾರು 30 ಸೆಕೆಂಡು ಬೇಕು. ನೆಟ್‌ವರ್ಕ್ ಇದ್ದರೆ ಫೋನು ಇದೇ ವಿವರವನ್ನು ಮೊಬೈಲ್ ಜಾಲದಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಕಾಯಲೇಬೇಕು. ಮರದ ಮರೆಯಲ್ಲಿ ಸಂಕೇತ ನಡುನಡುವೆ ತುಂಡಾದರೆ ಕಾಯುವ ಕಾಲ ಇನ್ನೂ ಹೆಚ್ಚುತ್ತದೆ.

ಫುಟ್‌ವಾಲ್ವ್ ಸೋರುವ ಪಂಪಿನ ಅನುಭವ ನಿಮಗಿದೆ. ಪ್ರತಿ ಸಾರಿ ಚಾಲೂ ಮಾಡುವಾಗಲೂ ಪೈಪಿಗೆ ನೀರು ತುಂಬಿಸಬೇಕಾಗುತ್ತದೆ. ಹಾಗೆಯೇ ಪ್ರತಿ ಸಾರಿ ಉಪಗ್ರಹವನ್ನು ಹುಡುಕುವಾಗಲೂ ಫೋನಿಗೆ ಒಂದಿಷ್ಟು ಆರಂಭದ ಖರ್ಚು ಇದ್ದೇ ಇರುತ್ತದೆ.

ಎರಡನೆಯ ಖರ್ಚು, ಸ್ಥಳವನ್ನು ಕಳುಹಿಸುವುದು. ಪ್ರತಿ ಸಾರಿ ಮಾಹಿತಿ ಕಳುಹಿಸಿದ ಮೇಲೂ ಫೋನಿನ ರೇಡಿಯೊ ಭಾಗ ಕೆಲವು ಸೆಕೆಂಡು ಎಚ್ಚರವಾಗಿಯೇ ಇರುತ್ತದೆ. ಒಂದೊಂದೇ ತೆಂಗಿನಕಾಯಿ ಹಿಡಿದುಕೊಂಡು ಹತ್ತು ಸಾರಿ ಕಾರ್ಕಳ ಪೇಟೆಗೆ ಹೋಗುವುದಕ್ಕಿಂತ, ಹತ್ತನ್ನೂ ಒಂದೇ ಚೀಲದಲ್ಲಿ ಒಯ್ಯುವುದು ಲಾಭವಷ್ಟೆ. ಉತ್ತಮ ಆ್ಯಪ್‌ಗಳು ಹಲವು ಬಿಂದುಗಳನ್ನು ಕೂಡಿಟ್ಟು ಒಟ್ಟಿಗೇ ಕಳುಹಿಸುತ್ತವೆ.

ಮೂರನೆಯ ಖರ್ಚು ದುರ್ಬಲ ನೆಟ್‌ವರ್ಕಿನದು. ಟವರು ದೂರವಾದಷ್ಟೂ ಫೋನು ಹೆಚ್ಚು ಬಲದಿಂದ ಕೂಗಬೇಕು. ಸಿಗ್ನಲ್ ಪೂರ್ತಿ ಇಲ್ಲದಿದ್ದರೆ ಮತ್ತೆ ಮತ್ತೆ ಟವರನ್ನು ಹುಡುಕುತ್ತದೆ. ಬೈಲೂರಿನಲ್ಲಿ ಸಂಜೆಯವರೆಗೆ ಬಂದ ಚಾರ್ಜು ಘಟ್ಟದ ಬುಡದಲ್ಲಿ ಮಧ್ಯಾಹ್ನಕ್ಕೇ ಮುಗಿದರೆ, ಅದಕ್ಕೆ ಆ್ಯಪ್ ಒಂದೇ ಕಾರಣವಲ್ಲ ಎಂಬುದನ್ನು ಗಮನಿಸಬೇಕು.

ನಿಖರತೆಯನ್ನು ಸೆಂಟ್ಸಿನಲ್ಲಿ ಅಳೆಯೋಣ

ಮೀಟರಿನ ಲೆಕ್ಕ ಹೇಳಿದರೆ ನಿಖರತೆಯ ಅರ್ಥ ಕಣ್ಣಿಗೆ ಕಟ್ಟುವುದಿಲ್ಲ. ನಕಾಶೆಯಲ್ಲಿ ನೀಲಿ ಚುಕ್ಕೆಯ ಸುತ್ತ ಒಂದು ವೃತ್ತ ಕಾಣುತ್ತದಲ್ಲವೇ? ‘ನೀವು ಈ ವೃತ್ತದೊಳಗೆ ಎಲ್ಲೋ ಇದ್ದೀರಿ’ ಎಂದು ಫೋನು ಹೇಳುತ್ತಿದೆ. ಆ ವೃತ್ತ ಎಷ್ಟು ಜಾಗವನ್ನು ಆವರಿಸುತ್ತದೆ ಎಂಬುದನ್ನು ಕೆಳಗೆ ಕೊಟ್ಟಿದೆ.

ತಪ್ಪು 5 ಮೀಟರ್ ಆದರೆ: ಸುಮಾರು 2 ಸೆಂಟ್ಸು
ತಪ್ಪು 10 ಮೀಟರ್ ಆದರೆ: ಸುಮಾರು 8 ಸೆಂಟ್ಸು
ತಪ್ಪು 30 ಮೀಟರ್ ಆದರೆ: ಸುಮಾರು 70 ಸೆಂಟ್ಸು
ತಪ್ಪು 100 ಮೀಟರ್ ಆದರೆ: ಸುಮಾರು 7 ಎಕರೆ 76 ಸೆಂಟ್ಸು
ತಪ್ಪು 1 ಕಿ.ಮೀ. ಆದರೆ: ಸುಮಾರು 776 ಎಕರೆ

ತಪ್ಪು ಎರಡು ಪಟ್ಟಾದರೆ ಜಾಗ ನಾಲ್ಕು ಪಟ್ಟಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು ಮಾತು. ಆಂಡ್ರಾಯ್ಡ್ ಫೋನುಗಳಲ್ಲಿ ಈ ವೃತ್ತವು ನೂರಕ್ಕೆ 68ರ ಭರವಸೆಯದು. ಅಂದರೆ ಸುಮಾರು ಮೂರು ಸಲಕ್ಕೆ ಒಂದು ಸಲ ನೀವು ವೃತ್ತದ ಹೊರಗೂ ಇರಬಹುದು. ಚುಕ್ಕೆಯನ್ನು ಸರ್ವೆ ಕಲ್ಲೆಂದು ತಿಳಿಯಬಾರದು.

ಕಾಪು, ಮಣಿಪಾಲ, ಕಾರ್ಕಳ: ಮೂರು ನೆಲ, ಮೂರು ಬಗೆ

ಒಂದೇ ಫೋನು, ಒಂದೇ ಆ್ಯಪ್ ಆದರೂ ನೆಲ ಬದಲಾದಂತೆ ನಿಖರತೆಯೂ ಚಾರ್ಜಿನ ಖರ್ಚೂ ಬದಲಾಗುತ್ತವೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಮೂರು ಒಳ್ಳೆಯ ಉದಾಹರಣೆಗಳಿವೆ.

ಕಾಪು ಕಡೆಯ ಬೈಲುಗದ್ದೆಗಳಲ್ಲಿ, ಮಟ್ಟುವಿನ ಗುಳ್ಳ ಬೆಳೆಯುವ ಹೊಲಗಳಲ್ಲಿ ಆಕಾಶ ಪೂರ್ತಿ ತೆರೆದಿರುತ್ತದೆ. ಉಪಗ್ರಹಗಳು ಬೇಗ ಸಿಗುತ್ತವೆ. ಇಲ್ಲಿ ಉಪಗ್ರಹವನ್ನು ಬೇಕಾದಾಗ ಬಳಸಿ, ಕೆಲಸ ಮುಗಿದೊಡನೆ ಮುಚ್ಚುವುದೇ ಅತ್ಯಂತ ಅಗ್ಗದ ಕ್ರಮ.

ಮಣಿಪಾಲದಲ್ಲಿ ಎತ್ತರದ ಕಟ್ಟಡಗಳೂ ಎಲ್ಲೆಡೆ ವೈಫೈಯೂ ಇವೆ. ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬಂಡೆಯ ಮುಂದೆ ಕೂಗಿದಾಗ ಮಾರ್ದನಿ ಬರುವಂತೆಯೇ ಇದು. ಮಾರ್ದನಿಯನ್ನು ನಿಜವಾದ ಕೂಗೆಂದು ತಿಳಿದ ಫೋನು ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸುತ್ತದೆ. ಆಸ್ಪತ್ರೆಯ ಒಳಗಂತೂ ಉಪಗ್ರಹದ ಸಂಕೇತ ಸಿಗುವುದೇ ಕಷ್ಟ. ಆದರೂ ಫೋನು ಹುಡುಕುತ್ತಲೇ ಇರುತ್ತದೆ. ಇಂತಹ ಕಡೆ ವೈಫೈ ಮತ್ತು ಟವರಿನ ಮಧ್ಯಮ ನಿಖರತೆಯೇ ಸಾಕು. ಚಾರ್ಜೂ ಉಳಿಯುತ್ತದೆ.

ಕಾರ್ಕಳ ತಾಲ್ಲೂಕಿನ ಮಾಳದಂತಹ ಘಟ್ಟದ ತಪ್ಪಲಿನ ತೋಟಗಳಲ್ಲಿ ಸಮಸ್ಯೆ ಹೆಚ್ಚು. ಒಂದು ಕಡೆ ಗುಡ್ಡ ಆಕಾಶದ ಭಾಗವನ್ನು ಮರೆಮಾಡುತ್ತದೆ. ಮೇಲೆ ಅಡಿಕೆಯ ದಟ್ಟ ನೆರಳು. ಮಳೆಗೆ ನೆನೆದ ಸೋಗೆಗಳು ಸಂಕೇತವನ್ನು ಇನ್ನಷ್ಟು ಕುಗ್ಗಿಸುತ್ತವೆ. ವೈಫೈ ಇಲ್ಲ, ಟವರು ದೂರ. ಹೀಗಾಗಿ ನಿಖರತೆ ಕಡಿಮೆ, ಖರ್ಚು ಹೆಚ್ಚು ಎಂಬ ಎರಡು ನಷ್ಟಗಳೂ ಒಟ್ಟಿಗೇ ಬರುತ್ತವೆ. ಅತಿ ಹೆಚ್ಚು ಜಾಗ್ರತೆ ವಹಿಸಬೇಕಾದದ್ದು ಇಲ್ಲಿಯೇ.

ಕೆಲಸಕ್ಕೆ ತಕ್ಕ ನಿಖರತೆ

ಬೆಳೆ ಸಮೀಕ್ಷೆ: ರಾಜ್ಯದಲ್ಲಿ 2020ರಿಂದ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್ ಮೂಲಕ ದಾಖಲಿಸುವ ಅವಕಾಶವಿದೆ. ಜಮೀನಿನಲ್ಲಿ ನಿಂತು ಬೆಳೆಯ ಚಿತ್ರ ತೆಗೆಯಬೇಕು. ಚಿತ್ರದೊಂದಿಗೆ ಸ್ಥಳವೂ ದಾಖಲಾಗುತ್ತದೆ. ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಳೆ ಹಾನಿಯ ಪರಿಹಾರ ಇವುಗಳಿಗೆಲ್ಲ ಈ ದಾಖಲೆಯನ್ನು ಬಳಸಲಾಗುತ್ತದೆ. ಅಡಿಕೆ, ಕಾಳುಮೆಣಸಿಗೆ ವಿಮೆ ಮಾಡಿಸಿದ ರೈತರಿಗೆ ಇದರ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಿಡುವಳಿಗಳು ಚಿಕ್ಕವು. ಬೈಲು, ಮಜಲು, ಬೆಟ್ಟು ಗದ್ದೆಗಳು ಒಂದರ ಪಕ್ಕ ಒಂದು ಹೊಂದಿಕೊಂಡಿರುತ್ತವೆ. 30 ಮೀಟರ್ ತಪ್ಪಾದರೆ ನಿಮ್ಮ ಗದ್ದೆ ನೆರೆಯವರ ಸರ್ವೆ ನಂಬರಿನಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ಈ ಕೆಲಸದಲ್ಲಿ ಚಾರ್ಜಿನ ಉಳಿತಾಯ ನೋಡಬಾರದು. ಪೂರ್ಣ ನಿಖರತೆಯನ್ನೇ ಕೊಡಬೇಕು. ಹೇಗೂ ಇದು ಕೆಲವೇ ನಿಮಿಷಗಳ ಕೆಲಸ.

ಸರ್ವೆ ನಂಬರ್ ನೋಡುವುದು ಮತ್ತು ವಿಸ್ತೀರ್ಣ ಅಳೆಯುವುದು: ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುವ ‘ದಿಶಾಂಕ್’ ಆ್ಯಪ್ ಹಲವರಿಗೆ ಪರಿಚಿತ. ಇದಕ್ಕೂ ಪೂರ್ಣ ನಿಖರತೆ ಬೇಕು. ಆದರೆ ಗಡಿ ತಕರಾರನ್ನು ಫೋನಿನಿಂದ ತೀರ್ಮಾನಿಸಲು ಹೋಗಬಾರದು. ಒಂದು ಲೆಕ್ಕ ನೋಡಿ. ಚೌಕಾಕಾರದ 10 ಸೆಂಟ್ಸು ಜಾಗದ ಒಂದು ಬದಿ ಸುಮಾರು 20 ಮೀಟರ್. ಪ್ರತಿ ಬದಿಯೂ 3 ಮೀಟರ್ ಹೆಚ್ಚಾಗಿ ದಾಖಲಾದರೆ ವಿಸ್ತೀರ್ಣ 13 ಸೆಂಟ್ಸು ಎಂದು ಬರುತ್ತದೆ. ಒಂದು ಎಕರೆಗೆ ಅಷ್ಟೇ ತಪ್ಪಾದರೆ 110 ಸೆಂಟ್ಸು ಬರುತ್ತದೆ. ಅಂದರೆ ತಾಕು ಚಿಕ್ಕದಾದಷ್ಟೂ ತಪ್ಪಿನ ಪ್ರಮಾಣ ದೊಡ್ಡದು. ಗೊಬ್ಬರದ ಅಂದಾಜಿಗೆ ಫೋನಿನ ಅಳತೆ ಸಾಕು, ಗಡಿಗೆ ಭೂಮಾಪಕರೇ ಬೇಕು.

ಮಾಲು ಸಾಗಿಸುವ ವಾಹನ: ಶಂಕರಪುರದ ಮಲ್ಲಿಗೆ ಬೆಳೆಗಾರರಿಗೆ ಸಮಯವೇ ಹಣ. ಬೆಳಿಗ್ಗೆ ಕೊಯ್ದ ಮೊಗ್ಗು ಹೊತ್ತಿಗೆ ಸರಿಯಾಗಿ ಕಟ್ಟೆ ಸೇರಬೇಕು. ಹೂ ಒಯ್ಯುವ ವಾಹನ ಕಟಪಾಡಿಗೆ ಬಂದಿತೇ ಎಂದು ತಿಳಿಯಲು 5 ಮೀಟರಿನ ನಿಖರತೆ ಬೇಕಿಲ್ಲ, 100 ಮೀಟರ್ ಧಾರಾಳವಾಗಿ ಸಾಕು. ಇದಕ್ಕೆ ‘ಕಾಣದ ಬೇಲಿ’ಯ ಸೌಲಭ್ಯವನ್ನು ಬಳಸಬಹುದು. ನಕಾಶೆಯ ಮೇಲೆ ಒಂದು ವೃತ್ತ ಎಳೆದಿಟ್ಟರೆ, ವಾಹನದ ಫೋನು ಅದರೊಳಗೆ ಬಂದಾಗ ಮಾತ್ರ ಸೂಚನೆ ಬರುತ್ತದೆ. ವೃತ್ತದ ತ್ರಿಜ್ಯ 100ರಿಂದ 150 ಮೀಟರಿಗಿಂತ ಕಡಿಮೆ ಇರಬಾರದು. ಸೂಚನೆ ಕೆಲವು ನಿಮಿಷ ತಡವಾಗಿ ಬರಬಹುದಾದ್ದರಿಂದ ವೃತ್ತವನ್ನು ತುಸು ಮುಂಚಿತವಾದ ಸ್ಥಳದಲ್ಲಿ ಹಾಕಿಕೊಳ್ಳುವುದು ಒಳ್ಳೆಯದು.

ತೋಟಕ್ಕೆ ಹೋದ ಮನೆಯವರು: ವಯಸ್ಸಾದ ತಂದೆಯವರು ಒಬ್ಬರೇ ಗುಡ್ಡದ ತೋಟಕ್ಕೆ ಹೋಗಿದ್ದಾರೆ ಎನ್ನೋಣ. ಅವರ ಸ್ಥಳ ಸೆಕೆಂಡು ಸೆಕೆಂಡಿಗೂ ತಿಳಿಯಬೇಕಾಗಿಲ್ಲ. ಕಾಲು ಗಂಟೆಗೊಮ್ಮೆ ಒಂದು ಬಿಂದು ಸಾಕು. ಆದರೆ ಆ ಬಿಂದು ನಂಬುವಂತಿರಬೇಕು, ಮತ್ತು ಸಂಜೆಯವರೆಗೂ ಫೋನು ಜೀವಂತವಿರಬೇಕು. ಬೆಳಿಗ್ಗೆ 10 ಗಂಟೆಯವರೆಗೆ ಹೆಜ್ಜೆ ಹೆಜ್ಜೆಯನ್ನೂ ಬರೆದಿಟ್ಟು, ಸಂಜೆ 4ಕ್ಕೆ ಕಾಲು ಜಾರಿ ಬಿದ್ದಾಗ ಸತ್ತಿರುವ ಫೋನಿನಿಂದ ಯಾರಿಗೆ ಪ್ರಯೋಜನ?

ಕೊನೆಯ ಬಿಂದುವಿನ ಬೆಲೆ ಏನೆಂಬುದನ್ನು ನಮ್ಮ ಜಿಲ್ಲೆ ಕಹಿಯಾಗಿ ಕಂಡಿದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆ ದೋಣಿ 7 ಮಂದಿಯೊಂದಿಗೆ ಸಮುದ್ರದಲ್ಲಿ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಬಳಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಸಮುದ್ರದ ಮಾತು ಬೇರೆ, ತೋಟದ ಮಾತು ಬೇರೆ. ಆದರೆ ಎಲ್ಲಿಯೇ ಆಗಲಿ, ಹುಡುಕಾಟ ಆರಂಭವಾಗುವುದು ಕೊನೆಯದಾಗಿ ತಿಳಿದ ಸ್ಥಳ ಮತ್ತು ಸಮಯದಿಂದಲೇ.

ಎಷ್ಟು ಹೊತ್ತಿಗೊಮ್ಮೆ?

ನಿಖರತೆಯಷ್ಟೇ ಮುಖ್ಯವಾದುದು ಸಮಯದ ಅಂತರ. 10 ಗಂಟೆಯ ದಿನದಲ್ಲಿ ಸೆಕೆಂಡಿಗೊಮ್ಮೆ ಸ್ಥಳ ದಾಖಲಿಸಿದರೆ 36,000 ಬಿಂದುಗಳಾಗುತ್ತವೆ. ನಿಮಿಷಕ್ಕೊಮ್ಮೆ ಆದರೆ 600, ಐದು ನಿಮಿಷಕ್ಕೊಮ್ಮೆ ಆದರೆ 120, ಕಾಲು ಗಂಟೆಗೊಮ್ಮೆ ಆದರೆ ಕೇವಲ 40.

ಈ ಅಂತರದಲ್ಲಿ ಎಷ್ಟು ದೂರ ಸಾಗಬಹುದು? ಗಂಟೆಗೆ ನಾಲ್ಕೂವರೆ ಕಿ.ಮೀ. ನಡೆಯುವವರು ಒಂದು ನಿಮಿಷದಲ್ಲಿ 75 ಮೀಟರ್, ಐದು ನಿಮಿಷದಲ್ಲಿ 375 ಮೀಟರ್, ಕಾಲು ಗಂಟೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಹೋಗುತ್ತಾರೆ. ಗಂಟೆಗೆ 40 ಕಿ.ಮೀ. ಓಡುವ ವಾಹನ ಐದು ನಿಮಿಷದಲ್ಲಿ 3 ಕಿ.ಮೀ.ಗೂ ಹೆಚ್ಚು ದೂರ ದಾಟುತ್ತದೆ. ಆದುದರಿಂದ ವಾಹನಕ್ಕೆ ಅಂತರ ಕಡಿಮೆ ಇರಲಿ. ತೋಟದಲ್ಲೇ ಕೆಲಸ ಮಾಡುವವರಿಗೆ ಹೆಚ್ಚಿದ್ದರೆ ಬಾಧಕವಿಲ್ಲ.

ಆದರೆ ಒಂದು ಎಚ್ಚರಿಕೆ. ಒಂದು ಸೆಕೆಂಡಿನ ಅಂತರವನ್ನು ಐದು ಸೆಕೆಂಡಿಗೆ ಏರಿಸಿದರೆ ಹೆಚ್ಚಿನ ಉಳಿತಾಯವಾಗುವುದಿಲ್ಲ. ಅಷ್ಟರಲ್ಲಿ ಫೋನಿಗೆ ನಿದ್ರೆಗೆ ಹೋಗಲು ಬಿಡುವೇ ಸಿಗುವುದಿಲ್ಲ. ಅಂತರ ನಿಮಿಷಗಳಷ್ಟಾದಾಗ ಮಾತ್ರ ಉಳಿತಾಯ ಎದ್ದು ಕಾಣುತ್ತದೆ. ಕೆಲವು ಆ್ಯಪ್‌ಗಳಲ್ಲಿ ‘ಚಲನೆ ಇದ್ದಾಗ ಮಾತ್ರ’ ದಾಖಲಿಸುವ ಆಯ್ಕೆ ಇರುತ್ತದೆ. ಫೋನಿನೊಳಗೆ ಅಲುಗಾಟವನ್ನು ಅರಿಯುವ ಒಂದು ಚಿಕ್ಕ ಭಾಗವಿದ್ದು, ಅದು ಅತ್ಯಲ್ಪ ಚಾರ್ಜಿನಲ್ಲಿ ಕೆಲಸ ಮಾಡುತ್ತದೆ. ನೀವು ಒಂದೇ ಕಡೆ ಕುಳಿತು ಅಡಿಕೆ ಸುಲಿಯುತ್ತಿರುವಾಗ ಉಪಗ್ರಹವನ್ನು ಮತ್ತೆ ಮತ್ತೆ ಕೇಳುವುದು ತಪ್ಪುತ್ತದೆ. ಈ ಆಯ್ಕೆ ಇದ್ದರೆ ಅವಶ್ಯವಾಗಿ ಬಳಸಿರಿ.

ಫೋನಿನಲ್ಲಿ ಕೈಗೊಳ್ಳಬೇಕಾದ ಕ್ರಮಗಳು

1. ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ವಿಭಾಗವನ್ನು ತೆರೆದು, ಯಾವ ಯಾವ ಆ್ಯಪ್‌ಗೆ ಅನುಮತಿ ಇದೆ ಎಂಬ ಪಟ್ಟಿಯನ್ನು ನೋಡಿರಿ. ಗದ್ದೆಯ ಕಳೆ ಕಿತ್ತಂತೆ, ಅಗತ್ಯವಿಲ್ಲದ ಆ್ಯಪ್‌ಗಳ ಅನುಮತಿಯನ್ನು ತೆಗೆದುಹಾಕಿರಿ. ಟಾರ್ಚು, ಆಟ, ಹಾಡಿನ ಆ್ಯಪ್‌ಗಳಿಗೆ ನಿಮ್ಮ ಸ್ಥಳದ ಅವಶ್ಯಕತೆ ಇಲ್ಲ.

2. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ‘ಆ್ಯಪ್ ಬಳಸುವಾಗ ಮಾತ್ರ’ ಎಂಬ ಅನುಮತಿ ಸಾಕು. ಆಂಡ್ರಾಯ್ಡ್ ಫೋನುಗಳಲ್ಲಿ ಇದು 2019ರ 10ನೇ ಆವೃತ್ತಿಯಿಂದ ಇದೆ. ‘ಯಾವಾಗಲೂ’ ಎಂಬ ಅನುಮತಿಯನ್ನು ಮನೆಯವರ ಸುರಕ್ಷತೆಯ ಒಂದು ಆ್ಯಪ್‌ಗೆ ಮಾತ್ರ ಕೊಡಿರಿ.

3. ಆಂಡ್ರಾಯ್ಡ್ 12ರಿಂದ ಈಚಿನ ಫೋನುಗಳಲ್ಲಿ ನಿಖರ ಸ್ಥಳ, ಅಂದಾಜು ಸ್ಥಳ ಎಂಬ ಎರಡು ಆಯ್ಕೆಗಳಿವೆ. ಅಂದಾಜು ಸ್ಥಳವೆಂದರೆ ಸುಮಾರು 3 ಚದರ ಕಿ.ಮೀ., ಅಂದರೆ 740 ಎಕರೆಯಷ್ಟು. ಐಫೋನಿನಲ್ಲಿಯೂ 2020ರಿಂದ ಇಂತಹ ಆಯ್ಕೆ ಇದೆ. ಹವಾಮಾನ, ಮಾರುಕಟ್ಟೆ ಧಾರಣೆಯ ಆ್ಯಪ್‌ಗಳಿಗೆ ಅಂದಾಜು ಸ್ಥಳವೇ ಸಾಕು. ಬೆಳೆ ಸಮೀಕ್ಷೆಗೆ ಮಾತ್ರ ನಿಖರ ಸ್ಥಳವನ್ನೇ ಕೊಡಬೇಕು.

4. ವಾಟ್ಸ್ಆ್ಯಪ್‌ನಲ್ಲಿ ಸ್ಥಳವನ್ನು ಸತತವಾಗಿ ತಿಳಿಸುವಾಗ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಅವಧಿಗಳಿವೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವವರು 8 ಗಂಟೆಯನ್ನು ಒತ್ತುವುದು ವ್ಯರ್ಥ. ತಲುಪಿದ ಕೂಡಲೇ ನಿಲ್ಲಿಸುವುದನ್ನೂ ರೂಢಿ ಮಾಡಿಕೊಳ್ಳಿರಿ. ಒಮ್ಮೆ ನಿಂತಲ್ಲಿನ ಸ್ಥಳವನ್ನು ಮಾತ್ರ ಕಳುಹಿಸುವುದು ಇದಕ್ಕಿಂತಲೂ ಅಗ್ಗ.

5. ನೆಟ್‌ವರ್ಕ್ ಇಲ್ಲದ ಕಡೆ ಹೋಗುವ ಮೊದಲು, ನೆಟ್‌ವರ್ಕ್ ಇರುವಲ್ಲಿಯೇ ತೆರೆದ ಜಾಗದಲ್ಲಿ ನಿಂತು ನಕಾಶೆಯನ್ನು ಒಮ್ಮೆ ತೆರೆಯಿರಿ. ಉಪಗ್ರಹಗಳ ವಿವರ ಫೋನಿಗೆ ಸಿಕ್ಕಿರುತ್ತದೆ, ಮುಂದೆ ಕೆಲವು ಗಂಟೆಗಳ ಕಾಲ ಸ್ಥಳ ಬೇಗ ಸಿಗುತ್ತದೆ. ಆ ಭಾಗದ ನಕಾಶೆಯನ್ನೂ ಮೊದಲೇ ಇಳಿಸಿಟ್ಟುಕೊಳ್ಳಿರಿ.

6. ಸಿಗ್ನಲ್ ಪೂರ್ತಿ ಇಲ್ಲದ ಕಡೆ ಫ್ಲೈಟ್ ಮೋಡ್ ಹಾಕಿದರೆ ಟವರು ಹುಡುಕುವ ವ್ಯರ್ಥ ಖರ್ಚು ನಿಲ್ಲುತ್ತದೆ. ಈಗಿನ ಫೋನುಗಳಲ್ಲಿ ಆಗಲೂ ಉಪಗ್ರಹದಿಂದ ಸ್ಥಳ ತಿಳಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಕರೆ ಬರುವುದಿಲ್ಲ, ಮನೆಯವರಿಗೆ ನಿಮ್ಮ ಸ್ಥಳ ಕಾಣುವುದೂ ಇಲ್ಲ. ಮೊದಲೇ ತಿಳಿಸಿ ಹೋಗುವುದು ಅವಶ್ಯಕ.

7. ಫೋನನ್ನು ಟಿಲ್ಲರಿನ ಮೇಲೆ ಬಿಸಿಲಿಗೆ ಇಡಬಾರದು. ಬಿಸಿಯಿಂದ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಹಳೆಯ ಬ್ಯಾಟರಿ ನೂರು ಎಂದು ತೋರಿಸಿದರೂ ಹೊಸದರಷ್ಟು ಚಾರ್ಜನ್ನು ಹಿಡಿದಿರುವುದಿಲ್ಲ.

ಮಾಡಬಾರದ ಉಳಿತಾಯ

ಹಲವು ಫೋನುಗಳಲ್ಲಿ ‘ಬ್ಯಾಟರಿ ಸೇವರ್’ ಹಾಕಿದರೆ, ಪರದೆ ಆರಿದ ಕೂಡಲೇ ಸ್ಥಳ ತಿಳಿಯುವ ಕೆಲಸವೂ ನಿಂತುಹೋಗುತ್ತದೆ. ಫೋನು ಚಾಲೂ ಇದೆ, ಆ್ಯಪ್ ಇದೆ, ಅಪ್ಪಯ್ಯನ ಚುಕ್ಕೆ ಮಾತ್ರ ಬೆಳಗಿನ ಜಾಗದಲ್ಲೇ ನಿಂತಿರುತ್ತದೆ. ಅವರು ತೋಟ ಬಿಟ್ಟೇ ಇಲ್ಲವೆಂದು ಮನೆಯವರು ತಿಳಿಯುತ್ತಾರೆ. ಚುಕ್ಕೆ ಇಲ್ಲದಿರುವುದಕ್ಕಿಂತ ಹಳೆಯ ಚುಕ್ಕೆ ಹೆಚ್ಚು ಅಪಾಯಕಾರಿ. ಆದ್ದರಿಂದ ಚುಕ್ಕೆಯನ್ನು ನೋಡುವಾಗಲೆಲ್ಲ ಅದರ ಪಕ್ಕದ ಸಮಯವನ್ನೂ ನೋಡಬೇಕು. ಸುರಕ್ಷತೆಯ ಆ್ಯಪ್ ಒಂದಕ್ಕೆ ಬ್ಯಾಟರಿ ಮಿತಿಯಿಂದ ವಿನಾಯಿತಿ ಕೊಡಬೇಕು. ಉಳಿತಾಯವನ್ನು ಬೇರೆ ಆ್ಯಪ್‌ಗಳಲ್ಲಿ ಮಾಡಬೇಕು.

ಹಾಗೆಯೇ ಬೆಳೆ ಸಮೀಕ್ಷೆಯ ದಿನ ಚಾರ್ಜು ಉಳಿಸಲು ಹೋಗಿ, ವೃತ್ತ ದೊಡ್ಡದಿರುವಾಗಲೇ ಚಿತ್ರ ತೆಗೆಯಬಾರದು. ಅಡಿಕೆ ತೋಟದಲ್ಲಿ ಆಕಾಶ ಕಾಣುವ ತೆರಪಿನಲ್ಲಿ, ಆದರೆ ನಿಮ್ಮದೇ ಜಮೀನಿನೊಳಗೆ, ಒಂದೆರಡು ನಿಮಿಷ ನಿಂತು ವೃತ್ತ ಕಿರಿದಾಗುವವರೆಗೆ ಕಾಯಿರಿ. ಕೆಂಪುಕಲ್ಲಿನ ಕೋರೆಯ ಗೋಡೆ ಅಥವಾ ದೊಡ್ಡ ಕಟ್ಟಡದ ಪಕ್ಕದಲ್ಲಿ ನಿಲ್ಲಬೇಡಿರಿ.

ನಿಮ್ಮದೇ ಒಂದು ಪ್ರಯೋಗ

ಹೊಸ ಭತ್ತದ ತಳಿಯನ್ನು ಮೊದಲು ಒಂದು ಚಿಕ್ಕ ಗದ್ದೆಯಲ್ಲಿ ಹಾಕಿ, ಪಕ್ಕದ ಎಂ.ಒ.4ರೊಂದಿಗೆ ಹೋಲಿಸಿ ನೋಡುವುದು ನಿಮಗೆ ರೂಢಿ. ಫೋನಿನಲ್ಲಿಯೂ ಹಾಗೆಯೇ ಮಾಡಿರಿ. ಒಂದೇ ಬಗೆಯ ಕೆಲಸವಿರುವ ಮೂರು ದಿನಗಳನ್ನು ಆರಿಸಿಕೊಳ್ಳಿರಿ. ಮೊದಲ ದಿನ ಸ್ಥಳದ ಆ್ಯಪ್ ಪೂರ್ಣ ನಿಖರತೆಯಲ್ಲಿ ಸತತವಾಗಿ ಇರಲಿ. ಎರಡನೆಯ ದಿನ ಐದು ನಿಮಿಷಕ್ಕೊಮ್ಮೆ ಇರಲಿ. ಮೂರನೆಯ ದಿನ ಕಾಲು ಗಂಟೆಗೊಮ್ಮೆ, ಚಲನೆ ಇದ್ದಾಗ ಮಾತ್ರ ಇರಲಿ. ಬೆಳಿಗ್ಗೆ 7, ಮಧ್ಯಾಹ್ನ 1, ಸಂಜೆ 6 ಗಂಟೆಗೆ ಉಳಿದ ಚಾರ್ಜನ್ನು ಪುಸ್ತಕದಲ್ಲಿ ಬರೆದಿಡಿರಿ. ನಡೆದ ದಾರಿ ನಕಾಶೆಯಲ್ಲಿ ಹೇಗೆ ಮೂಡಿದೆ ಎಂಬುದನ್ನೂ ನೋಡಿರಿ. ನಿಮ್ಮ ಫೋನಿಗೂ ನಿಮ್ಮ ನೆಲಕ್ಕೂ ಯಾವುದು ಹೊಂದುತ್ತದೆ ಎಂದು ಈ ಮೂರು ದಿನಗಳ ಲೆಕ್ಕ ತಿಳಿಸುತ್ತದೆ. ಬೇರೆಯವರ ಫೋನಿನ ಲೆಕ್ಕ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಸಾರಾಂಶ

ಸೆಂಟ್ಸಿನ ಲೆಕ್ಕವಿರುವ ಕಡೆ, ಅಂದರೆ ಬೆಳೆ ಸಮೀಕ್ಷೆ, ಸರ್ವೆ ನಂಬರು ಇವುಗಳಿಗೆ, ಪೂರ್ಣ ನಿಖರತೆಯನ್ನು ಕೊಟ್ಟು ಕೆಲಸ ಮುಗಿದೊಡನೆ ಮುಚ್ಚಬೇಕು. ವಾಹನಕ್ಕೆ ನೂರು ಮೀಟರಿನ ನಿಖರತೆ ಸಾಕು. ಹವಾಮಾನ, ಧಾರಣೆಗೆ ಅಂದಾಜು ಸ್ಥಳ ಸಾಕು. ತೋಟಕ್ಕೆ ಹೋದವರ ಸುರಕ್ಷತೆಗೆ ಬಿಂದುಗಳು ವಿರಳವಾಗಿರಲಿ, ಆದರೆ ಸಂಜೆಯವರೆಗೂ ಬರುತ್ತಿರಲಿ. ಎಷ್ಟೇ ಕೆಲಸವಿದ್ದರೂ ಮನೆಗೆ ಒಂದು ಕರೆ, ತುರ್ತು ಸಹಾಯದ 112ಕ್ಕೆ ಒಂದು ಕರೆ ಮಾಡುವಷ್ಟು ಚಾರ್ಜನ್ನು ಬೀಜದ ಭತ್ತದಂತೆ ತೆಗೆದಿಡಬೇಕು. ಬೀಜದ ಭತ್ತವನ್ನು ಕುಟ್ಟಿ ಉಣ್ಣುವವನು ಮುಂದಿನ ಏಣೆಲಿಗೆ ಏನು ಬಿತ್ತಿಯಾನು?

ಬೆಳೆ ಸಮೀಕ್ಷೆಯ ಆ್ಯಪ್ ಬಳಸುವಲ್ಲಿ ತೊಂದರೆಯಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು. ಫೋನನ್ನು ಜೊತೆಯಲ್ಲಿ ಒಯ್ಯಿರಿ, ಪೂರ್ತಿ ಚಾರ್ಜು ಮಾಡಿಕೊಂಡೇ ಒಯ್ಯಿರಿ.